ಮಕ್ಕಳ ದುಡಿಮೆಯೂ ಗೃಹಸ್ಥರ ಹೊಣೆಯೂ

ಚನ್ನಗಿರಿಯ ಕಡೆಯ ವಾಚಕಿಯೊಬ್ಬರು ನಮಗೆ ಕಾಗದ ಬರೆದು ಒಂದು ಸಂದೇಹವನ್ನು ಮುಂದಿಟ್ಟಿರುವರು. ಅವರಲ್ಲಿ 12 ವರ್ಷದ ಹುಡುಗಿಯೊಬ್ಬಳು ಮನೆಗೆಲಸಕ್ಕಿರುವಳಂತೆ. ಹೊತ್ತುಹೊತ್ತಿಗೆ ಊಟ, ಹಬ್ಬಕ್ಕೆ ಹೊಸ ಬಟ್ಟೆ, ಮೈಗೆ ಸೌಖ್ಯವಿಲ್ಲದಾಗ ಔಷಧ, ಇವಾವುದಕ್ಕೂ ಕಡಮೆ ಮಾಡಿಲ್ಲವಂತೆ. “ಹುಡುಗಿಯನ್ನು ಕೆಲಸದಿಂದ ಬಿಡಿಸಬೇಕೆಂದು ನೆರೆಯವರು ಹೇಳುತ್ತಾರೆ. ಬಿಡಿಸಿದರೆ ಅವಳು ತನ್ನ ಮನೆಯಲ್ಲಿ ಅರೆಹೊಟ್ಟೆಯಿಂದಿರಬೇಕು. ಬಡವರ ಮಗುವಿಗೆ ಅನ್ನವಿಕ್ಕುವುದೂ ಅಪರಾಧವಾಯಿತೆ?” ಎಂಬುದು ಅವರ ಪ್ರಶ್ನೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. ಅನೇಕ ಮನೆಗಳಲ್ಲಿ ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನೊಳಗೆ ಸುಳಿಯುವ ಪ್ರಶ್ನೆ. ಕ್ರೂರಿಗಳು ಕೇಳಿದ್ದರೆ ಉತ್ತರ ಸುಲಭವಾಗುತ್ತಿತ್ತು. ಕರುಣೆಯುಳ್ಳವರೇ ಕೇಳುತ್ತಿರುವುದರಿಂದ ಸಾವಧಾನವಾಗಿ ವಿಚಾರಿಸತಕ್ಕದ್ದಾಗಿದೆ. ಆದುದರಿಂದ ಮಕ್ಕಳು ಏತಕ್ಕಾಗಿ ದುಡಿಯುತ್ತಾರೆ, ಆ ದುಡಿಮೆಯಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಮೊದಲು ನೋಡಿ, ಆಮೇಲೆ ಅವರಿಗೆ ಉತ್ತರ ಹೇಳುವೆವು.

ಬಾಲಕಾರ್ಮಿಕರೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಪಟ್ಟಣದ ಹೋಟೆಲು, ಗ್ಯಾರೇಜು, ಕಾರ್ಖಾನೆಗಳು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ ಬಿಸಿಗಳ ನಡುವೆ ಮಕ್ಕಳು ದುಡಿಯುತ್ತಿದ್ದ ಸಂಗತಿಯನ್ನು ಪತ್ರಿಕೆಗಳಲ್ಲಿ ಓದಿದವರು ಅನೇಕರಿರಬಹುದು. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಯೂನಿಸೆಫ್ ಸಂಸ್ಥೆಯೂ ಕೂಡಿ 2025ರಲ್ಲಿ ಪ್ರಕಟಿಸಿದ ಅಂದಾಜನ್ನು ನೋಡಿದರೆ ಚಿತ್ರವು ಬದಲಾಗುವುದು. 2024ರಲ್ಲಿ ಲೋಕದಲ್ಲಿ ದುಡಿಯುತ್ತಿದ್ದ ಮಕ್ಕಳು 13.8 ಕೋಟಿ, ಅವರಲ್ಲಿ ನೂರಕ್ಕೆ 61 ಮಂದಿ ಬೇಸಾಯ ಮೊದಲಾದ ನೆಲದ ಕೆಲಸಗಳಲ್ಲಿಯೇ ಇದ್ದರು. 2000ರಲ್ಲಿ ಈ ಸಂಖ್ಯೆ 24.6 ಕೋಟಿಯಾಗಿದ್ದಿತು. ಇಳಿದುದು ಸಂತೋಷವೇ ಸರಿ. ಉಳಿದುದು ಬಹುಮಟ್ಟಿಗೆ ಹೊಲ ತೋಟಗಳಲ್ಲಿ ಉಳಿದಿದೆಯೆಂಬುದು ಗಮನಾರ್ಹ. ನಮ್ಮ ದೇಶದ 2011ರ ಜನಗಣತಿಯಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳು 1.01 ಕೋಟಿಯೆಂದು ಎಣಿಕೆಯಾಯಿತು. 2001ರಲ್ಲಿ ಅದು 1.26 ಕೋಟಿಯಾಗಿದ್ದಿತು. ಕಾರ್ಖಾನೆಯ ಬಾಗಿಲಲ್ಲಿ ಅಧಿಕಾರಿಯು ನಿಂತು ತಡೆಯಬಹುದು. ಅಡಿಕೆ ತೋಟಕ್ಕೂ ಕುರಿಮಂದೆಗೂ ಬಾಗಿಲಿಲ್ಲ.

ನಮ್ಮ ಸೀಮೆಯನ್ನೇ ತೆಗೆದುಕೊಳ್ಳೋಣ. ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು; ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿಯು 2018ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲದ ಗುಣ ಒಂದಲ್ಲ. ಆದುದರಿಂದ ಮಕ್ಕಳನ್ನು ಶಾಲೆಯಿಂದ ಸೆಳೆಯುವ ಕೆಲಸವೂ ಒಂದೇ ಅಲ್ಲ.

ಚನ್ನಗಿರಿಯು ಸೂಳೆಕೆರೆಯ ನಾಡು, ಅಡಿಕೆಯ ನಾಡು. ಶ್ರಾವಣ ಭಾದ್ರಪದಗಳಲ್ಲಿ ಕೊಯ್ಲು ಮೊದಲಾಯಿತೆಂದರೆ ಕೆಲವು ತಿಂಗಳು ಊರಿಗೆ ಊರೇ ಅಡಿಕೆಯ ಸುತ್ತ ಸುತ್ತುತ್ತಿರುವುದು. ತೋಟದ ಫಸಲನ್ನು ಖೇಣಿಗೆ ಹಿಡಿದವರು ಕಾಯಿಯನ್ನು ಸುಲಿಸಿ, ಬೇಯಿಸಿ, ಒಣಗಿಸಿ ಮಾರುವರು. ಸುಲಿಯುವ ಯಂತ್ರಗಳು ಬಂದಿದ್ದರೂ ಕೈಸುಲಿತವು ಪೂರ್ತಿಯಾಗಿ ಹೋಗಿಲ್ಲ. ಸುಲಿದಷ್ಟಕ್ಕೆ ಕೂಲಿಯಾದುದರಿಂದ ತಾಯಿಯ ಪಕ್ಕದಲ್ಲಿ ಮಗಳೂ ಕುಳಿತರೆ ಲೆಕ್ಕವು ಬೇಗ ಬೆಳೆಯುತ್ತದೆ. ಲೆಕ್ಕವನ್ನು ಬರೆದುಕೊಳ್ಳುವವನ ಪುಸ್ತಕದಲ್ಲಿ ತಾಯಿಯ ಹೆಸರೊಂದೇ ಇರುವುದು. ಮಗಳ ಕೈಗಳು ಆ ಪುಸ್ತಕದಲ್ಲಿ ಎಲ್ಲಿಯೂ ಕಾಣವು.

ಹೊನ್ನಾಳಿಯ ಕಡೆ ಭದ್ರಾ ನಾಲೆಯ ನೀರು ಮುಟ್ಟುವ ಊರುಗಳಲ್ಲಿ ಬತ್ತದ ಗದ್ದೆ. ನಾಟಿಯು ಗಡುವಿನ ಕೆಲಸ. ನೀರು ಬಿಟ್ಟ ಕೆಲವು ವಾರಗಳೊಳಗೆ ಎಲ್ಲರ ಗದ್ದೆಯೂ ನಾಟಿಯಾಗಬೇಕು. ದೊಡ್ಡವರೆಲ್ಲ ಗದ್ದೆಗಿಳಿದಾಗ ಕೂಸನ್ನು ನೋಡಿಕೊಳ್ಳಲು, ದನ ಮೇಯಿಸಲು, ಬುತ್ತಿ ಒಯ್ಯಲು ಮನೆಯ ಹಿರಿಯ ಮಗುವೇ ಗತಿ. ಆ ಮಗು ಹೆಚ್ಚಾಗಿ ಹೆಣ್ಣಾಗಿರುವುದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಜನರಿಗೆ ಪವಿತ್ರಕ್ಷೇತ್ರ. ಈ ಸೀಮೆಯ ತಾಂಡಾಗಳಿಂದ ಅನೇಕ ಸಂಸಾರಗಳು ಸುಗ್ಗಿ ಮುಗಿದ ಮೇಲೆ ಮಲೆನಾಡಿನ ಕಾಫಿ ತೋಟಗಳಿಗೂ ಕಬ್ಬು ಕಡಿಯುವುದಕ್ಕೂ ಗುಳೆ ಹೋಗುವವು. ಗುಳೆಗೆ ಮೊದಲೇ ಮುಂಗಡ ಹಣ ಕೈಸೇರಿರುತ್ತದೆ. ಅಜ್ಜಿ ತಾತಂದಿರಿದ್ದ ಮನೆಯ ಮಕ್ಕಳು ಊರಲ್ಲಿ ಉಳಿದಾರು. ಇಲ್ಲದ ಮನೆಯವರು ಮಕ್ಕಳೊಡನೆಯೇ ಹೋಗಬೇಕು.

ಜಗಳೂರು ಮಳೆಯನ್ನೇ ನಂಬಿದ ನಾಡು. ಮೆಕ್ಕೆಜೋಳ, ಶೇಂಗಾಗಳು ಒಂದು ವರ್ಷ ಕೈಹಿಡಿದರೆ ಮತ್ತೊಂದು ವರ್ಷ ಕೈಬಿಡುವವು. ಕೊಳವೆಬಾವಿಗೆಂದು ಸಾಲಮಾಡಿ ಕೊರೆಯಿಸಿದ ನೆಲದಲ್ಲಿ ಧೂಳು ಎದ್ದರೆ ಆ ಧೂಳು ನೇರವಾಗಿ ಮಗುವಿನ ಪಾಟಿಚೀಲದ ಮೇಲೆ ಬಂದು ಬೀಳುವುದು. ಮಳೆ ತಪ್ಪಿದ ವರ್ಷ ಹುಡುಗನು ಕುರಿ ಕಾಯುವನು, ಇಲ್ಲವೆ ದೂರದ ಬೆಂಗಳೂರಿಗೆ ಹೋಗುವನು. ತುಂಗಭದ್ರೆಯ ನೀರನ್ನೆತ್ತಿ ಆ ತಾಲ್ಲೂಕಿನ 57 ಕೆರೆಗಳನ್ನು ತುಂಬುವ ಯೋಜನೆಯನ್ನು ನೀರಾವರಿಯ ಕೆಲಸವೆಂದು ಮಾತ್ರ ಜನರು ಎಣಿಸುವರು. ನಾವಾದರೋ ಅದನ್ನು ವಿದ್ಯಾಭ್ಯಾಸದ ಕೆಲಸವೆಂದೂ ಎಣಿಸುವೆವು.

ಹೀಗೆ ನೋಡಿದರೆ ಬಡತನವೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸಲ್ಲದೆಂದು ತೋರುವುದು. ಬಡತನವು ಮೂಲವೇನೋ ಹೌದು. ಆದರೆ ಒಂದೇ ಓಣಿಯಲ್ಲಿ ಸಮಾನವಾಗಿ ಬಡವರಾದ ಎರಡು ಮನೆಗಳಲ್ಲಿ ಒಂದು ಮನೆಯ ಮಗು ಶಾಲೆಗೆ ಹೋಗುವುದನ್ನೂ ಇನ್ನೊಂದು ಮನೆಯ ಮಗು ಹೋಗದಿರುವುದನ್ನೂ ಉಪಾಧ್ಯಾಯರಾದವರೆಲ್ಲರೂ ಕಂಡಿರುವರು. ಅಂತರವೆಲ್ಲಿದೆ? ಬಹುಮಟ್ಟಿಗೆ ಸಾಲದಲ್ಲಿದೆ. ಮಗಳ ಮದುವೆ, ಯಜಮಾನನ ಕಾಯಿಲೆ, ಬತ್ತಿದ ಬಾವಿ, ಇವುಗಳಲ್ಲೊಂದು ಬಂದಾಗ ಬಡವನು ಸಾಲಗಾರನಾಗುವನು. ಸಾಲಗಾರನಲ್ಲಿ ಅಡವಿಡುವುದಕ್ಕೆ ಮಿಕ್ಕಿರುವುದು ಮಕ್ಕಳ ದುಡಿಮೆಯೊಂದೇ.

ನಮ್ಮ ಭಾಷೆಯ ಒಂದು ಮಾತೇ ಇದಕ್ಕೆ ಸಾಕ್ಷಿ. ‘ಜೀತ’ವೆಂಬುದು ‘ಜೀವಿತ’ ಶಬ್ದದ ತದ್ಭವವೆಂದು ನಿಘಂಟುಕಾರರು ಹೇಳುವರು. ಬದುಕು ಎಂದಿದ್ದ ಮಾತು ಬದುಕಿಗಾಗಿ ಪಡೆಯುವ ಸಂಬಳವೆಂದಾಗಿ, ಕಡೆಗೆ ಬದುಕನ್ನೇ ಒತ್ತೆಯಿಡುವುದು ಎಂಬ ಅರ್ಥಕ್ಕೆ ಇಳಿಯಿತು. ಪೂರ್ವಿಕರಿಗೂ ಇದು ತಿಳಿಯದ ದೋಷವಲ್ಲ. ಅಪ್ರಾಪ್ತವಯಸ್ಸಿನವರನ್ನು ಮಾರುವ ಅಥವಾ ಒತ್ತೆಯಿಡುವ ಬಂಧುಗಳಿಗೆ ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ದಂಡವನ್ನು ವಿಧಿಸಿದ್ದಾನೆ. ಆ ದಂಡವು ಜಾತಿಗೊಂದು ಬಗೆಯಾಗಿದ್ದಿತೆಂಬುದನ್ನೂ ಮರೆಮಾಚಬೇಕಾದುದಿಲ್ಲ. ಪ್ರಾಚೀನರು ಕಂಡ ದೋಷವನ್ನು ಸರ್ವರಿಗೂ ಸಮನಾಗಿ ತಿದ್ದುವ ಭಾರವು ನಮ್ಮ ಕಾಲದ ಮೇಲೆ ಬಿದ್ದಿದೆ.

ಎರಡನೆಯ ಕಾರಣವು ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆದಿರುವುದು. ಮಗುವು ಒಂದೇ ದಿನ ಶಾಲೆ ಬಿಡುವುದಿಲ್ಲ. ಅಡಿಕೆಯ ಕಾಲದಲ್ಲಿ ವಾರಕ್ಕೆ ಎರಡು ದಿನ ತಪ್ಪುವುದು. ಆಮೇಲೆ ವಾರವೆಲ್ಲ ತಪ್ಪುವುದು. ಹತ್ತು ವಾರಗಳ ಮೇಲೆ ಮರಳಿ ಬಂದಾಗ ತರಗತಿಯು ಭಿನ್ನರಾಶಿಯನ್ನು ಮುಗಿಸಿ ದಶಮಾಂಶಕ್ಕೆ ಹೋಗಿರುವುದು. ಬುಡ ತಿಳಿಯದವನಿಗೆ ತುದಿ ತಿಳಿಯುವುದೆಂತು? ಕಿರಿಯರ ಮುಂದೆ ಉತ್ತರ ತೋಚದೆ ನಿಲ್ಲುವ ನಾಚಿಕೆಯು ಹಸಿವಿಗಿಂತಲೂ ಬಲವಾದುದು. ಮುಂದಿನ ವರ್ಷ ತಂದೆಯು ಕರೆಯುವ ಮೊದಲೇ ಹುಡುಗನು ತಾನಾಗಿಯೇ ಕೆಲಸಕ್ಕೆ ಹೊರಡುವನು. ಆಗ ಮನೆಯವರು, “ಅವನಿಗೆ ವಿದ್ಯೆ ಹತ್ತಲಿಲ್ಲ” ಎಂದುಬಿಡುವರು. ಹಿಂದಿನ ಪಾಠಶಾಲೆಗಳಲ್ಲಿ ಅನಧ್ಯಾಯವೆಂದರೆ ಪಾಡ್ಯ ಅಷ್ಟಮಿಗಳಂತಹ ಕೆಲವೇ ದಿನಗಳು. ಈ ಮಕ್ಕಳಿಗೆ ವರ್ಷದಲ್ಲಿ ನಾಲ್ಕು ತಿಂಗಳು ಅನಧ್ಯಾಯ. ಯಾವ ಮೇಧಾವಿಯೂ ಇದನ್ನು ತಾಳಲಾರನು.

ಮೂರನೆಯ ಕಾರಣವನ್ನು ಹೇಳುವಾಗ ನಮ್ಮಂತಹ ಗೃಹಸ್ಥರು ಸ್ವಲ್ಪ ತಲೆತಗ್ಗಿಸಬೇಕು. ಮಗುವಿನ ದುಡಿಮೆಯನ್ನು ಮಾರುವವರು ಬಡವರಾದರೆ ಕೊಳ್ಳುವವರು ನಾವು. ಚಿಕ್ಕ ಕೈಗಳಿಂದ ನಾಜೂಕಿನ ಕೆಲಸವಾಗುವುದೆಂದು ಹೇಳುವ ರೂಢಿಯುಂಟು. ಉತ್ತರ ಕರ್ನಾಟಕದ ಹೈಬ್ರಿಡ್ ಹತ್ತಿಬೀಜದ ಹೊಲಗಳಲ್ಲಿ ಸಂಜೆ ಮೊಗ್ಗಿನ ಕೇಸರಗಳನ್ನು ಕಿತ್ತು ಮರುದಿನ ಬೆಳಗ್ಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಹಚ್ಚುತ್ತಿದ್ದುದಕ್ಕೆ ಇದೇ ಸಮರ್ಥನೆಯಾಗಿದ್ದಿತು. ಆದರೆ ರೇಷ್ಮೆ ಸೀರೆ ನೇಯುವ, ಒಡವೆ ಮಾಡುವ ಕುಶಲಿಗಳು ದೊಡ್ಡವರೇ ಅಲ್ಲವೆ? ನಿಜವಾದ ಆಕರ್ಷಣೆಯೆಂದರೆ ಮಗುವು ಕೂಲಿ ಹೆಚ್ಚಿಸೆಂದು ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ, ಕೆಲಸ ಬಿಟ್ಟು ಹೋಗುವ ದಾರಿಯನ್ನೂ ಅರಿಯದು. ಅರ್ಧ ಕೂಲಿಗೆ ಮಗುವು ಸಿಕ್ಕುವ ಊರಿನಲ್ಲಿ ಪೂರ್ತಿ ಕೂಲಿಗೆ ತಂದೆಯನ್ನು ಯಾರು ಕರೆದಾರು? ಹೀಗೆ ಮಗನ ದುಡಿಮೆಯೇ ತಂದೆಯ ಕೂಲಿಯನ್ನು ಇಳಿಸುವುದು. ತಂದೆಯ ಇಳಿದ ಕೂಲಿಯೇ ಮಗನನ್ನು ಮತ್ತೆ ಕೆಲಸಕ್ಕೆ ನೂಕುವುದು. ಗಾಣದೆತ್ತು ಎಷ್ಟು ನಡೆದರೂ ಇದ್ದಲ್ಲಿಯೇ ಇರುವಂತೆ ಈ ಸಂಸಾರವು ದುಡಿದೂ ದುಡಿದೂ ಇದ್ದಲ್ಲಿಯೇ ಇರುವುದು.

ಸರ್ಕಾರವು ಏನು ಮಾಡಿದೆಯೆಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ 1881ರ ಕಾರ್ಖಾನೆ ಕಾಯಿದೆಯು 7 ವರ್ಷಕ್ಕೆ ಕಡಮೆಯವರನ್ನು ನಿಷೇಧಿಸಿ, 12 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿಯನ್ನು ಹಾಕಿತು. ಅಂದಿನ ದಯೆಯ ಅಳತೆ ಅಷ್ಟು! ಮುಂಗಡ ಪಡೆದು ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರುಗಳು ಅಸಿಂಧುವೆಂದು 1933ರಲ್ಲಿ ಒಂದು ಕಾಯಿದೆಯಾಯಿತು. ವಿದ್ಯೆಯ ಕಡೆಯಿಂದಲೂ ಪ್ರಯತ್ನ ನಡೆಯಿತು. ಬರೋಡೆಯ ಸಯ್ಯಾಜಿರಾವ್ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಗೋಖಲೆಯವರು 1911ರಲ್ಲಿ ತಂದ ಮಸೂದೆಯು ಬಿದ್ದುಹೋಯಿತು. ಆದರೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನವು ಆಯ್ದ ಕೆಲವು ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣವನ್ನು ತರುವ ಕಾನೂನನ್ನು ಮಾಡಿತು.

ಸ್ವತಂತ್ರ ಭಾರತದ ಸಂವಿಧಾನವು 24ನೆಯ ಅನುಚ್ಛೇದದಲ್ಲಿ 14 ವರ್ಷಕ್ಕೆ ಕಡಮೆಯವರನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಗಳಿಗೆ ಸೇರಿಸಕೂಡದೆಂದಿತು. 1976ರ ಕಾಯಿದೆಯು ಜೀತವನ್ನು ರದ್ದುಪಡಿಸಿತು. ನಮ್ಮ ನಾಡಿನವರೇ ಆದ ಎಂ. ಎಸ್. ಗುರುಪಾದಸ್ವಾಮಿಯವರ ಅಧ್ಯಕ್ಷತೆಯಲ್ಲಿ 1979ರಲ್ಲಿ ಒಂದು ಸಮಿತಿಯು ನೇಮಕವಾಯಿತು. ಬಡತನವಿರುವತನಕ ಈ ಪದ್ಧತಿಯನ್ನು ಒಮ್ಮೆಗೇ ಕಿತ್ತುಹಾಕುವುದು ಕಷ್ಟ, ಆದುದರಿಂದ ಅಪಾಯದ ಕೆಲಸಗಳಲ್ಲಿ ನಿಷೇಧ, ಉಳಿದವುಗಳಲ್ಲಿ ನಿಯಂತ್ರಣ ಎಂಬುದು ಆ ಸಮಿತಿಯ ಅಭಿಪ್ರಾಯ. ಅದರ ಮೇಲೆಯೇ 1986ರ ಬಾಲಕಾರ್ಮಿಕ ಕಾಯಿದೆಯು ನಿಂತಿತು. 2006ರ ಅಕ್ಟೋಬರ್ 10ರಿಂದ ಮನೆಗೆಲಸ ಮತ್ತು ಹೋಟೆಲು ಕೆಲಸಗಳೂ ನಿಷೇಧದ ಪಟ್ಟಿಗೆ ಸೇರಿದವು. 2002ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಾಲೆಯನ್ನು ಹಕ್ಕಾಗಿ ಮಾಡಿತು. ದುಡಿಯುವ ವಯಸ್ಸೂ ಕಲಿಯುವ ವಯಸ್ಸೂ ಒಂದೇ ಆಗಿರಲು ಎರಡು ಕಾನೂನುಗಳು ಎರಡು ಮಾತಾಡುವುದು ಸರಿಯಲ್ಲವಷ್ಟೆ. ಆದುದರಿಂದ 2016ರ ತಿದ್ದುಪಡಿಯು 14 ವರ್ಷಕ್ಕೆ ಕಡಮೆಯವರನ್ನು ಯಾವ ಉದ್ಯೋಗಕ್ಕೂ ನೇಮಿಸಕೂಡದೆಂದೂ, 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಗಳಿಗೆ ನೇಮಿಸಕೂಡದೆಂದೂ ವಿಧಿಸಿತು. ತಪ್ಪಿದವರಿಗೆ 6 ತಿಂಗಳಿನಿಂದ 2 ವರ್ಷದವರೆಗೆ ಸೆರೆ, ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಈ ತಿದ್ದುಪಡಿಯಲ್ಲಿ ಒಂದು ಕಿಂಡಿ ಉಳಿದಿದೆ. ಶಾಲೆಯ ಸಮಯದ ಹೊರಗೆ ಅಥವಾ ರಜೆಯಲ್ಲಿ ಮಗುವು ತನ್ನ ಕುಟುಂಬಕ್ಕೆ ಅಪಾಯವಲ್ಲದ ಕೆಲಸಗಳಲ್ಲಿ ನೆರವಾಗಬಹುದು. ಉದ್ದೇಶವು ಒಳ್ಳೆಯದೇ, ತಾಯಿಗೆ ನೀರು ತಂದುಕೊಡುವುದೂ ತಂದೆಯೊಡನೆ ಹೊಲಕ್ಕೆ ಹೋಗಿ ಬೆಳೆಯ ಪರಿಚಯ ಮಾಡಿಕೊಳ್ಳುವುದೂ ಬಾಲ್ಯದ ಶಿಕ್ಷಣವೇ. ಕುಲಕಸುಬನ್ನು ಎಳೆತನದಲ್ಲಿಯೇ ಕಲಿಯಬೇಕೆನ್ನುವವರ ಮಾತಿನಲ್ಲಿಯೂ ಅಷ್ಟು ಸತ್ಯವುಂಟು. ಆದರೆ ಖೇಣಿದಾರನ ಅಡಿಕೆಯನ್ನು ಮನೆಗೆ ತಂದು ರಾತ್ರಿ ಹನ್ನೊಂದರವರೆಗೆ ಸುಲಿಯುವ ಹುಡುಗಿಯು ಕುಟುಂಬಕ್ಕೆ ನೆರವಾಗುತ್ತಿರುವಳೋ ಖೇಣಿದಾರನಿಗೋ? ಗುರುತಿಸುವುದಕ್ಕೆ ನಮ್ಮಲ್ಲಿ ಒಂದು ಸರಳವಾದ ಒರೆಗಲ್ಲು ಇದೆ. ಮರುದಿನ ಬೆಳಗ್ಗೆ ಆ ಮಗುವು ತರಗತಿಯಲ್ಲಿ ಎಚ್ಚರವಾಗಿ ಕುಳಿತಿರಬಲ್ಲದೆ? ಬಲ್ಲದಾದರೆ ಅದು ನೆರವು. ಮೇಜಿನ ಮೇಲೆ ತಲೆಯಿಟ್ಟು ತೂಕಡಿಸಿದರೆ ಅದು ದುಡಿಮೆ.

ಈಗ ವಾಚಕಿಯವರ ಪ್ರಶ್ನೆಗೆ ಬರುವೆವು. ತಾಯಿ, ತಾವು ಅನ್ನವಿಕ್ಕುವುದು ಅಪರಾಧವಲ್ಲ; ಆ ಅನ್ನಕ್ಕೆ ಹುಡುಗಿಯ ಶಾಲೆಯನ್ನು ಬೆಲೆಯಾಗಿ ಪಡೆಯುವುದು ಅಪರಾಧ, ಕಾನೂನಿನಲ್ಲಿಯೂ ಧರ್ಮದಲ್ಲಿಯೂ. ಕೋಪಿಸಿಕೊಳ್ಳದೆ ಒಂದು ಲೆಕ್ಕವನ್ನು ಮಾಡಿ ನೋಡಿರಿ. ಅದೇ ಕೆಲಸವನ್ನು ದೊಡ್ಡ ಹೆಂಗಸೊಬ್ಬಳಿಂದ ಮಾಡಿಸಿದರೆ ತಿಂಗಳಿಗೆ ಎಷ್ಟು ಕೊಡಬೇಕಾಗುವುದು? ಈ ಹುಡುಗಿಗೆ ಊಟ, ಬಟ್ಟೆ, ಕೈಗೆ ಕೊಡುವ ಹಣ ಎಲ್ಲವನ್ನೂ ಸೇರಿಸಿ ಎಷ್ಟಾಗುವುದು? ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವ ಮೊತ್ತವನ್ನು ಆ ಹುಡುಗಿಯು ಪ್ರತಿ ತಿಂಗಳೂ ತಮ್ಮ ಮನೆಗೆ ಕೊಡುತ್ತಿರುವಳು. ದಾನಮಾಡುತ್ತಿರುವವರು ಯಾರೆಂಬುದು ಆಗ ತಿಳಿಯುವುದು.

ಹಾಗೆಂದು ಕಾನೂನಿಗೆ ಅಂಜಿ ನಾಳೆಯೇ ಅವಳ ಕೈಗೆ ಗಂಟುಕೊಟ್ಟು ಬಸ್ಸು ಹತ್ತಿಸಬೇಡಿರಿ. ಹಾಗೆ ಹೊರಗೆ ಬಿದ್ದ ಮಗುವನ್ನು ಸಾಲವು ಮತ್ತೊಂದು ಮನೆಗೆ, ಬಹುಶಃ ತಮಗಿಂತ ಕಠಿನರಾದವರ ಮನೆಗೆ, ಕೊಂಡೊಯ್ಯುವುದು. ತಂದೆತಾಯಿಗಳನ್ನು ಕರೆಸಿರಿ. ಕೊಟ್ಟ ಮುಂಗಡವಿದ್ದರೆ ಮನ್ನಾ ಮಾಡಿರಿ. ಮಗುವಿನ ದುಡಿಮೆಯಿಂದ ಅದನ್ನು ಮುರಿದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಸಾಧ್ಯವಾದರೆ ಅದೇ ಕೆಲಸವನ್ನು ಅವಳ ತಾಯಿಗೇ ಪೂರ್ತಿ ಸಂಬಳಕ್ಕೆ ಕೊಡಿರಿ. ಹುಡುಗಿಯನ್ನು ಅವಳ ಊರಿನ ಶಾಲೆಯ ಮುಖ್ಯೋಪಾಧ್ಯಾಯರಲ್ಲಿಗೆ ಕಳುಹಿಸಿರಿ. ಎಷ್ಟು ವರ್ಷ ಶಾಲೆ ತಪ್ಪಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂದೋ ವರ್ಷದ ನಡುವೆ ಬಂದಳೆಂದೋ ಹಿಂದಕ್ಕೆ ಕಳುಹಿಸುವಂತಿಲ್ಲ. ಊಟದ ಚಿಂತೆಗೂ ಉತ್ತರವುಂಟು: ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಶಾಲೆಯಲ್ಲಿ ಮಧ್ಯಾಹ್ನದ ಊಟವೂ, 2013ರ ಕ್ಷೀರಭಾಗ್ಯದಿಂದ ಹಾಲೂ ದೊರೆಯುವುದು. ಮನೆಯಲ್ಲಿ ನೋಡಿಕೊಳ್ಳುವವರೇ ಇಲ್ಲವಾದರೆ ಕಸ್ತೂರಬಾ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಂತಹ ಆಶ್ರಯಗಳಿವೆ. ದಾರಿ ತೋಚದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರೆ ಸಾಕು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯವರಿಗೆ ಸಂಗತಿಯು ಮುಟ್ಟುವುದು. ತಾವು ಆ ಹುಡುಗಿಯನ್ನು ನಿಜವಾಗಿ ಪ್ರೀತಿಸುವವರಾದರೆ ಹಬ್ಬದ ಬಟ್ಟೆಯನ್ನು ನಿಲ್ಲಿಸಬೇಕಾದುದಿಲ್ಲ. ಶಾಲೆಗೆ ಹೋಗುವ ಹುಡುಗಿಗೂ ಹಬ್ಬವುಂಟು.

ಊರವರು ಕೂಡಿ ಮಾಡಬೇಕಾದ ಕೆಲಸಗಳೂ ಇವೆ. ಮೊದಲನೆಯದು, ಗುಳೆ ಹೊರಡುವ ಮುನ್ನ ತಾಂಡಾಗಳಲ್ಲಿ ಮಕ್ಕಳ ಪಟ್ಟಿಮಾಡಿ, ಉಳಿಯಬಲ್ಲವರನ್ನು ವಸತಿನಿಲಯಗಳಲ್ಲಿ ಉಳಿಸಿಕೊಳ್ಳುವುದು; ಹೋಗಲೇಬೇಕಾದವರಿಗೆ ಹೋದ ಕಡೆಯ ಶಾಲೆಯಲ್ಲಿ ಅಥವಾ ಟೆಂಟ್ ಶಾಲೆಯಲ್ಲಿ ಪಾಠವು ಮುಂದುವರಿಯುವಂತೆ ಪತ್ರ ಬರೆದು ಕಳುಹಿಸುವುದು. ಎರಡನೆಯದು, ಅಡಿಕೆಯ ಮತ್ತು ನಾಟಿಯ ಕಾಲದಲ್ಲಿ ಅಂಗನವಾಡಿಯು ಹೆಚ್ಚು ಹೊತ್ತು ತೆರೆದಿರುವಂತೆ ಪಂಚಾಯಿತಿಯವರನ್ನು ಕೇಳುವುದು. ಕೂಸಿಗೆ ನೆಲೆ ದೊರೆತರೆ ಅಕ್ಕನಿಗೆ ಶಾಲೆ ದೊರೆಯುವುದು. ಮೂರನೆಯದು, ತೋಟದ ಯಜಮಾನರು ಖೇಣಿ ಕೊಡುವಾಗ ಮಕ್ಕಳಿಂದ ಕೆಲಸ ಮಾಡಿಸಕೂಡದೆಂಬ ಷರತ್ತನ್ನು ಹಾಕುವುದು. ಇದಕ್ಕೆ ಸರ್ಕಾರದ ಆಜ್ಞೆಯು ಬೇಕಾಗಿಲ್ಲ, ಯಜಮಾನನ ಒಂದು ಮಾತು ಸಾಕು. ನಾಲ್ಕನೆಯದು, ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯನ್ನು ಹಾರತುರಾಯಿಗಳ ಸಭೆಯಾಗಿ ಮುಗಿಸದೆ ಮಕ್ಕಳ ಮಾತನ್ನು ಕೇಳುವುದು. ಯಾವ ಗೆಳೆಯನು ಶಾಲೆಗೆ ಬರುತ್ತಿಲ್ಲ, ಎಲ್ಲಿ ಕೆಲಸಕ್ಕಿದ್ದಾನೆ ಎಂಬುದು ಅಧಿಕಾರಿಗಳಿಗಿಂತ ಮೊದಲು ಅವರಿಗೆ ಗೊತ್ತು. ಕುಂದಾಪುರದ ಕಡೆ ದುಡಿಯುವ ಮಕ್ಕಳೇ 1990ರಲ್ಲಿ ಕಟ್ಟಿಕೊಂಡ ಭೀಮಸಂಘವೂ ಅನಂತರದ ಮಕ್ಕಳ ಪಂಚಾಯಿತಿಗಳೂ ಮಕ್ಕಳಿಗೆ ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಬರುವುದೆಂಬುದನ್ನು ನಾಡಿಗೆ ತೋರಿಸಿಕೊಟ್ಟಿವೆ.

ಇನ್ನೊಂದು ಮಾತು. ಕಡ್ಡಾಯ ಶಿಕ್ಷಣದ ಹಕ್ಕು 14 ವರ್ಷಕ್ಕೆ ಮುಗಿಯುವುದು; ಎಂಟನೆಯ ತರಗತಿ ದಾಟಿದ ಮಗುವಿನ ಕೈಹಿಡಿಯುವವರು ಕಡಮೆ. ಆ ವಯಸ್ಸಿನಲ್ಲಿ ಹುಡುಗನು ಕೂಲಿಗೆ, ಹುಡುಗಿಯು ಅಕಾಲದ ಮದುವೆಗೆ ಜಾರುವುದನ್ನು ಕಾಣುತ್ತಿದ್ದೇವೆ. ಓಣಿಯಲ್ಲಿ ಅನುಕೂಲವಂತರಾದ ಒಂದೊಂದು ಮನೆಯವರು ಅಂತಹ ಒಂದೊಂದು ಮಗುವಿನ ಹತ್ತನೆಯ ತರಗತಿಯವರೆಗಿನ ವಿಚಾರವನ್ನು ತಮ್ಮ ಮನೆಯ ವಿಚಾರವೆಂದು ಭಾವಿಸಿದರೆ ಹೆಚ್ಚು ಖರ್ಚೇನೂ ತಗಲದು. ಪುಸ್ತಕ ಕೊಡಿಸುವುದಕ್ಕಿಂತಲೂ, ವಾರಕ್ಕೊಮ್ಮೆ “ಈ ವಾರ ಎಷ್ಟು ದಿನ ಶಾಲೆಗೆ ಹೋದೆ?” ಎಂದು ಕೇಳುವವರೊಬ್ಬರಿರುವುದು ಮುಖ್ಯ.

ಈ ಸಂಚಿಕೆಯು ವಾಚಕರ ಕೈಸೇರಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಹೊರಟು ಓಣಿಯ ತುದಿಯವರೆಗೆ ಶಾಲೆಯ ಹೊತ್ತಿನಲ್ಲಿ ಒಮ್ಮೆ ನಡೆದುಬರಲಿ. ಅಂಗಡಿಯಲ್ಲಿ, ಹೋಟೆಲಿನಲ್ಲಿ, ಅಡಿಕೆಯ ಕಣದಲ್ಲಿ, ಕಡೆಗೆ ತಮ್ಮದೇ ಹಿತ್ತಿಲಲ್ಲಿ, ಆ ಹೊತ್ತಿನಲ್ಲಿ ಎಷ್ಟು ಮಕ್ಕಳಿರುವರೆಂದು ಎಣಿಸಲಿ. ಎಣಿಸಿದ ಮೇಲೆ ಮಾಡಬೇಕಾದುದು ಏನೆಂಬುದನ್ನು ನಾವು ಬೇರೆ ಹೇಳಬೇಕಾಗಲಾರದು.